ಎದುರಾಳಿಯ ಶಿಫಾರಸು

ಸೂಟು ಹಾಕಿಕೊಂಡ ಮನುಷ್ಯ ಒಳಗೆ ಬಂದದ್ದೇ ತಡ, ಅವಳು ಎದ್ದು ನಿಂತಳು.

ಗ್ರಂಥಾಲಯ ವಿಜ್ಞಾನದ ಸಂಶೋಧನೆಗೆ ಆ ವರ್ಷ ಇದ್ದದ್ದು ಒಂದೇ ಅನುದಾನ. ಸಂದರ್ಶನಕ್ಕೆ ಬಂದವರು ಕಾಯುವ ಕೋಣೆಯಲ್ಲಿ ಅವಳೊಬ್ಬಳೇ ಕೂತಿದ್ದಳು. ಕಾಲೇಜು ಲೈಬ್ರರಿಯಲ್ಲಿ ಕ್ಯಾಟಲಾಗ್ ಮಾಡುವ ಕೆಲಸ ಅವಳದು. ಹಿಂದೆ ಬಂದಾಗಲೆಲ್ಲ ಸಮಿತಿಯ ಮುಂದೆ ನಾಲಿಗೆ ಒಣಗಿ, ಬರಿಗೈಯಲ್ಲಿ ಮನೆಗೆ ಹೋಗಿದ್ದಳು. ಈ ಸಲ ತಪ್ಪಿದರೆ ಅರ್ಜಿ ಹಾಕುವ ವಯಸ್ಸೇ ಮೀರುತ್ತಿತ್ತು.

ಸಮಿತಿಯವರೇ ಇರಬೇಕು ಎಂದುಕೊಂಡು ಕುರ್ಚಿ ಎಳೆದುಕೊಟ್ಟಳು. "ಕೂತ್ಕೊಳ್ಳಿ ಸರ್."

ಅವನು ಕೂತ. "ನಿಮ್ಮ ಸಂಶೋಧನೆ ಯಾವುದರ ಮೇಲೆ?"

"ಸರ್, ಓದೋಕೆ ಬರೋರು ಪುಸ್ತಕದ ಹೆಸರು ಹೇಳಲ್ಲ. 'ನೀಲಿ ರಟ್ಟಿಂದು, ಕೊನೇಲಿ ಅತ್ತೆ ಒಳ್ಳೆಯವಳಾಗ್ತಾಳಲ್ಲ, ಅದು ಕೊಡಿ' ಅಂತಾರೆ. ನಮ್ಮ ಕಂಪ್ಯೂಟರಿಗೆ ನೀಲಿನೂ ಗೊತ್ತಿಲ್ಲ, ಅತ್ತೆನೂ ಗೊತ್ತಿಲ್ಲ. ಜನರಿಗೆ ಏನು ನೆನಪಿರತ್ತೋ ಅದರಿಂದಲೇ ಪುಸ್ತಕ ಸಿಗೋ ಹಾಗೆ ಮಾಡ್ಬೇಕು."

ಮಾತಾಡುವಾಗ ಅವಳ ಕೈಗಳು ಗಾಳಿಯಲ್ಲೇ ಪುಸ್ತಕ ತೆಗೆದು, ಪುಟ ತಿರುಗಿಸಿ, ಮತ್ತೆ ಕಪಾಟಿಗೆ ಸೇರಿಸುತ್ತಿದ್ದವು. ಅವನ ಕಣ್ಣು ಆ ಕೈಗಳ ಹಿಂದೆಯೇ ಓಡಾಡುತ್ತಿತ್ತು. ನಡುವೆ ಒಮ್ಮೆ ಏನೋ ಹೇಳಲು ಬಾಯಿ ತೆರೆದ.

"ತಡೀರಿ ಸರ್, ಮುಖ್ಯವಾದದ್ದು ಈಗ ಬರತ್ತೆ," ಎಂದಳು. 

ಆಗ ಗುಮಾಸ್ತೆ ಬಾಗಿಲು ತೆರೆದು ಕೇಳಿದಳು: "ಪುಸ್ತಕ ವಾಪಸ್ ಕೊಡದವರ ಬಗ್ಗೆ ಸಂಶೋಧನೆ ಮಾಡೋರು ಯಾರು? ಒಳಗೆ ಬರ್ಬೇಕಂತೆ."

ಸೂಟಿನವನು ಎದ್ದ.

"ನೀವೂ ಅಭ್ಯರ್ಥಿನಾ?"

"ಹೇಳೋಣ ಅಂತಲೇ ಬಾಯಿ ತೆರೆದೆ. ನೀವು ತಡೀರಿ ಅಂದ್ರಿ." ಅವನ ಕಿವಿ ಕೆಂಪಾಗಿತ್ತು.

"ಮತ್ತೆ ಈ ಸೂಟು?"

"ಭಾವಂದು. ಉಸಿರಾಡೋಕೂ ಆಗ್ತಿಲ್ಲ."

ಅವಳ ಮೈಯೆಲ್ಲ ಉರಿಯಿತು. ಮನಸ್ಸಿನಲ್ಲಿದ್ದದ್ದನ್ನೆಲ್ಲ ಎದುರಾಳಿಯ ಕಿವಿಗೆ ತಾನೇ ಸುರಿದಿದ್ದಳು! ಅವನಾದ ಮೇಲೆ ಅವಳ ಸರದಿ ಬಂದಾಗ, ಆ ಸಿಟ್ಟಿನ ಭರದಲ್ಲಿ ನಾಲಿಗೆ ಒಣಗುವುದನ್ನೇ ಮರೆಯಿತು.

ಮುಂದಿನ ವಾರ ಸಮಿತಿಯ ಅಧ್ಯಕ್ಷೆಯೇ ಫೋನ್ ಮಾಡಿದರು. "ಅನುದಾನ ನಿಮಗೇ ಬಂತಮ್ಮ. ಮೇಜು ಕುಟ್ಟಿ ಕುಟ್ಟಿ ಮಾತಾಡಿದ್ರಲ್ಲ, ಬೆಚ್ಚಿಬಿದ್ವಿ. ಅಂದಹಾಗೆ, ಆ ಸೂಟಿನ ಹುಡುಗ ನಿಮಗೆ ಏನಾಗ್ಬೇಕು? ನಿನ್ನ ವಿಷಯ ಹೇಳಪ್ಪಾ ಅಂದ್ರೆ, ಹೊರಗೆ ಕೂತಿರೋರದ್ದು ಇನ್ನೂ ಚೆನ್ನಾಗಿದೆ, ದಯವಿಟ್ಟು ಕೇಳಿ ಅಂದ!"

ಮರುದಿನ ಸಂಜೆ ಅವಳು, ಅಧ್ಯಕ್ಷೆಯನ್ನೇ ಕೇಳಿ ತಿಳಿದುಕೊಂಡು, ಅವನು ಕೆಲಸ ಮಾಡುವ ಸಾರ್ವಜನಿಕ ಗ್ರಂಥಾಲಯಕ್ಕೆ ಹೋದಳು. ಒಳಗೆ ಓದುತ್ತ ಕೂತಿದ್ದವರು ಒಬ್ಬರೇ ಅಜ್ಜ. ಅವನು ಕೌಂಟರಿನಲ್ಲಿದ್ದ. ಅವಳನ್ನು ಕಂಡವನೇ ನೆಟ್ಟಗಾದ.

"ನನ್ನ ಪರ ವಕಾಲತ್ತು ಮಾಡಿ ಅಂತ ನಿಮಗೆ ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲ. ನಂದು ಹೇಳೋಕೇ ಹೋದೆ. ಬಾಯಿಗೆ ನಿಮ್ಮದೇ ಬಂತು."

"ಕೈಗೆ ಬಂದದ್ದನ್ನ ಕಳ್ಕೊಂಡ್ರಲ್ಲ!"

"ಬೇಜಾರಾಯ್ತು, ಸುಳ್ಳು ಯಾಕೆ ಹೇಳ್ಲಿ? ಅಕ್ಕ ಮನೇಲಿ ಬೈದೂ ಬೈದು ಸುಸ್ತಾದ್ಲು. ಆದ್ರೆ ನಿಮ್ಮದು ಒಳ್ಳೇದು ಅನ್ನೋದು ಸುಳ್ಳಾಗಲ್ವಲ್ಲ."

ಜಗಳಕ್ಕೆಂದು ಕೂಡಿಟ್ಟುಕೊಂಡು ಬಂದಿದ್ದ ಮಾತೆಲ್ಲ ಅವಳ ಗಂಟಲಲ್ಲೇ ಕರಗಿತು. "ನನಗೆ ಒಬ್ಬರು ಸಹಾಯಕ ಸಂಶೋಧಕರು ಬೇಕು," ಎಂದಳು. "ಬರ್ತೀರಾ?"

ಅವನು ಮೇಜಿನ ಮೇಲಿದ್ದ ಪುಸ್ತಕವನ್ನು ಎತ್ತಿ ಮತ್ತೆ ಅಲ್ಲೇ ಇಟ್ಟ. "ಬೇಡ."

ಅವಳ ಮುಖ ಬಾಡಿತು.

"ಹಾಗಲ್ಲ. ನಿಮ್ಮ ಕೈಕೆಳಗೆ ಸೇರಿದ್ರೆ ನೀವು ಮೇಡಂ ಆಗ್ಬಿಡ್ತೀರಿ. ಆಮೇಲೆ ಕಾಫಿಗೆ ಬರ್ತೀರಾ ಅಂತ ಕೇಳೋಕಾಗಲ್ಲ. ನನಗೆ ಕೇಳ್ಬೇಕು ಅಂತ ತುಂಬಾ ಇದೆ."

ಮೂಲೆಯಲ್ಲಿ ಕೂತಿದ್ದ ಅಜ್ಜ ಕನ್ನಡಕ ತೆಗೆದರು. "ಏನಾದ್ರೂ ಒಂದು ಹೇಳಿಬಿಡಮ್ಮ. ಅದೇ ಸಾಲನ್ನ ಎಷ್ಟು ಸಲ ಓದ್ಲಿ?"

ಅವಳು ನಗು ತಡೆದುಕೊಳ್ಳಲು ತುಟಿ ಕಚ್ಚಿಕೊಂಡಳು. ಆಗಲಿಲ್ಲ. "ಸಹಾಯಕರನ್ನ ಜಾಹೀರಾತು ಕೊಟ್ಟು ಹುಡುಕ್ಕೋತೀನಿ. ನೀವು ಎಷ್ಟೊತ್ತಿಗೆ ಬಾಗಿಲು ಹಾಕ್ತೀರಿ?"

"ಈಗ್ಲೇ!" ಎಂದು ಅವನು ಬೀಗದ ಕೈಗೆ ತಡಕಾಡಿದ.

"ಏಯ್, ನಂದಿನ್ನೂ ಒಂದು ಅಧ್ಯಾಯ ಇದೆ!" ಎಂದರು ಅಜ್ಜ.

ಇಬ್ಬರೂ ಬೆಂಚಿನ ಮೇಲೆ ಪಕ್ಕಪಕ್ಕ ಕೂತು ಕಾದರು. ಅಜ್ಜ ಪುಟಪುಟಕ್ಕೂ ಅವರತ್ತ ಒಮ್ಮೆ ನೋಡಿ, ಹಿಂದೆಂದೂ ಓದದಷ್ಟು ನಿಧಾನವಾಗಿ ಓದಿದರು.