ಎದುರು ಗೋಡೆಯ ಬೆಳಕು

ಮೇಸ್ತ್ರಿ ಮೊದಲ ಸಲ ಆ ಮಹಡಿ ಹತ್ತಿದ್ದು ಬೈಸಿಕೊಳ್ಳುವುದಕ್ಕೆ. ಕರೆದವಳು ಅಲ್ಲಿ ಚಿತ್ರ ಬರೆಯುತ್ತಿದ್ದ ಹೆಂಗಸು. ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, "ಯಾರ್ರೀ ಅಲ್ಲಿ ಮೇಸ್ತ್ರಿ? ಸ್ವಲ್ಪ ಮೇಲೆ ಬನ್ನಿ," ಎಂದು ಕೂಗಿದ್ದಳು. ನಡುವೆ ಎರಡು ಮಾರು ಅಗಲದ ಓಣಿ. ಆಚೆ ಬದಿಯಲ್ಲಿ ಇಟ್ಟಿಗೆಯ ಮೇಲೆ ಇಟ್ಟಿಗೆ ಕೂತು ಹೊಸ ಕಟ್ಟಡ ಏಳುತ್ತಿತ್ತು.

ಅವನು ಬಾಗಿಲಲ್ಲಿ ನಿಂತು ಅಂಗಾಲಿನ ಸಿಮೆಂಟು ಒರೆಸಿಕೊಂಡು ಒಳಗೆ ಬಂದ. ನಲವತ್ತು ದಾಟಿದ ಆಳು. ಹುಬ್ಬಿನ ಮೇಲೂ ದೂಳು. ಬಂದವನ ಕಣ್ಣು ಅವಳ ಮೇಲೆ ಬೀಳಲಿಲ್ಲ, ಮೇಜಿನ ಮೇಲೆ ಬಿತ್ತು. ಒಂದು ಹಳೇ ಎಣ್ಣೆ ಡಬ್ಬಿ, ಅಂಚು ಚಕ್ಕೆ ಎದ್ದ ಬಿಳಿ ಮಗ್ಗು, ಹಸಿರು ಬಾಟಲಿ, ಮೂರು ಈರುಳ್ಳಿ, ಕೆಳಗೆ ಮುದುಡಿದ ಬಟ್ಟೆ. ಒಂದೊಂದರ ಸುತ್ತಲೂ ಸೀಮೆಸುಣ್ಣದ ಗೆರೆ.

"ಏನು ಮೇಡಂ, ಕಳ್ಳತನ ಆಗಿದೆಯಾ? ಪೊಲೀಸ್ನೋರು ಗುರುತು ಹಾಕಿದ ಹಾಗಿದೆ."

"ಅಲುಗಿದ್ರೆ ಗೊತ್ತಾಗ್ಲಿ ಅಂತ ನಾನೇ ಹಾಕಿರೋದು. ಮುಟ್ಟಬೇಡಿ."

"ಮುಟ್ಟಲ್ಲಪ್ಪ. ಈರುಳ್ಳಿ ಕಂಡ್ರೆ ನಂಗೆ ಮೊದಲೇ ಅಳು."

ಅವಳು ನಗಲಿಲ್ಲ. ಮೂವತ್ತೆಂಟು ವರ್ಷದಲ್ಲಿ ಅವಳು ನಕ್ಕ ಸಲಗಳನ್ನು ಬೆರಳು ಮಡಿಸಿ ಎಣಿಸಬಹುದು ಎಂದು ಕೆಳಗಡೆ ಇರುವ ಅವಳ ಅಕ್ಕ ಹೇಳುವುದುಂಟು. ಅಕ್ಕ ದರ್ಜಿ, ತಂಗಿಗೆ ಮಹಡಿಯ ಈ ಕೋಣೆ ಬಿಟ್ಟುಕೊಟ್ಟು ಹದಿನಾಲ್ಕು ವರ್ಷವಾಗಿತ್ತು. ಮನೆಗೆಲ್ಲ ಉತ್ತರಕ್ಕೆ ಕಿಟಕಿಯಿದ್ದದ್ದು ಇದೊಂದೇ ಕೋಣೆಗೆ. ಉತ್ತರದ ಕಿಟಕಿಯಿಂದ ಬಿಸಿಲು ನುಗ್ಗುವುದಿಲ್ಲ, ಆಕಾಶದ ತಣ್ಣನೆಯ ಬೆಳಕು ಮೇಲಿನಿಂದ ಇಳಿಯುತ್ತದೆ, ದಿನವಿಡೀ ಒಂದೇ ಸಮ. ಇಡೀ ಲೋಕದಲ್ಲಿ ಅವಳು ಬೇಡಿಕೊಂಡದ್ದು ಅಷ್ಟನ್ನೇ.

"ನಿಮ್ಮ ಗೋಡೆ ಇಲ್ಲಿಗೆ ಬಂದ್ರೆ ನನ್ನ ಕೆಲಸ ಮುಗೀತು," ಎಂದು ಅವಳು ಕಿಟಕಿಯ ಅಂಚು ತೋರಿಸಿದಳು. "ಎಷ್ಟು ದಿನಕ್ಕೆ ಬರುತ್ತೆ?"

"ಒಂಬತ್ತು."

"ಈ ಚಿತ್ರಕ್ಕೆ ಇನ್ನೂ ಮೂರು ವಾರ ಬೇಕು."

ಅವನು ಕ್ಯಾನ್ವಾಸಿನ ಮುಂದೆ ನಿಂತ. ಒಂದು ಕಣ್ಣು ಮುಚ್ಚಿದ. ಆಮೇಲೆ, "ಬಾಟ್ಲಿ ವಾಲಿದೆ," ಎಂದ.

"ಏನು?"

"ಮೇಜಿನ ಮೇಲೆ ನೆಟ್ಟಗಿದೆ. ಚಿತ್ರದಲ್ಲಿ ವಾಲಿದೆ. ಒಂದು ಕೂದಲೆಳೆ, ಅಷ್ಟೇ."

ಅವಳಿಗೆ ಸಿಟ್ಟು ನೆತ್ತಿಗೇರಿತು. ಅವನು ಜೇಬಿನಿಂದ ದಾರ ಕಟ್ಟಿದ ತೂಗುಗುಂಡು ತೆಗೆದು ಚಿತ್ರದ ಮುಂದೆ ಇಳಿಬಿಟ್ಟ. ಗುಂಡು ಅತ್ತಿತ್ತ ಆಡಿ ನಿಂತಿತು. ಅವನು ಉಸಿರು ಹಿಡಿದಿದ್ದ. ಗಮನಿಸಿದರೆ ಅವಳೂ ಹಿಡಿದಿದ್ದಳು. ಬಾಟಲಿ ವಾಲಿತ್ತು. ಅದು ಅವಳ ಕಣ್ಣಿಗೇ ಬಿದ್ದಿರಲಿಲ್ಲ.

ದಾರದಾಚೆಯಿಂದ ಅವನು ಅವಳನ್ನು ನೋಡಿದ. ಗೆದ್ದವನ ನೋಟವಲ್ಲ, ತಪ್ಪು ಹೇಳಿಬಿಟ್ಟೆನೇನೋ ಎಂಬ ನೋಟ.

"ಹಿಂದಿನ ಗೋಡೆ ಮೊದಲು ಎಬ್ಬಿಸ್ತೀನಿ," ಎಂದ ಕೊನೆಗೆ. "ಇದನ್ನ ಕಡೇಗಿಟ್ಕೊಳ್ಳೋಣ. ಹನ್ನೆರಡು ದಿನ ಸಿಗುತ್ತೆ. ಮೇಲೆ ಒಂದು ಮೊಳ ಆಕಾಶ ಹೇಗೂ ಉಳಿಯುತ್ತೆ."

"ಒಂದು ಮೊಳ ಇದ್ರೆ ಹೇಗೋ ಸಾಕು," ಎಂದಳು ಅವಳು. ಥ್ಯಾಂಕ್ಸ್ ಎನ್ನುವುದು ಮರೆತೇಹೋಯಿತು.

ಅಂದಿನಿಂದ ಮಧ್ಯಾಹ್ನದ ಬಿಡುವಿಗೆ ಮೇಸ್ತ್ರಿ ಮಹಡಿ ಹತ್ತತೊಡಗಿದ. ನೆಪಕ್ಕೆ ತೂಗುಗುಂಡು ಕೈಯಲ್ಲಿರುತ್ತಿತ್ತು.

"ಈರುಳ್ಳಿ ಇನ್ನೂ ಇಲ್ಲೇ ಇದೆಯಲ್ಲ. ಬೇರೆ ಮನೇಲಾಗಿದ್ರೆ ಇಷ್ಟೊತ್ತಿಗೆ ಬಾಣಲೆ ಸೇರಿರೋದು."

"ಅದರ ಕೆಲಸ ಮುಗೀತು. ಮೊಳಕೆ ಒಡೆಯೋಕೆ ಮುಂಚೆ ಬರೆದುಬಿಟ್ಟೆ. ಯಾವುದು ಬೇಗ ಬದಲಾಗುತ್ತೋ ಅದನ್ನ ಮೊದಲು ಬರೀಬೇಕು. ಮಗ್ಗಿಗೇನು ಅವಸರ, ಅದು ಕಾಯುತ್ತೆ."

"ಮನುಷ್ಯರನ್ನ ಯಾಕೆ ಬರೆಯಲ್ಲ ನೀವು?"

"ಅವರು ಕಾಯಲ್ಲ."

ಅವನು ಗೋಡೆಗೊರಗಿ ಕೂತ. ಬಿಡುವು ಮುಗಿದು ಓಣಿಯಿಂದ ಆಳುಗಳು ಕೂಗುವ ತನಕ ಕೂತೇ ಇದ್ದ. ಅವಳು ಕುಂಚ ಆಡಿಸುತ್ತಲೇ ಇದ್ದಳು. ಒಂದು ಗೆರೆಯನ್ನೇ ನಾಲ್ಕು ಸಲ ಎಳೆದಳು.

ಅಕ್ಕನಿಗೆ ಇಂಥವು ಬೇಗ ಅರ್ಥವಾಗುತ್ತವೆ. ಒಂದು ದಿನ ಮೆಟ್ಟಿಲಲ್ಲೇ ಅವನನ್ನು ತಡೆದು, "ಮೇಸ್ತ್ರಿ, ಮದುವೆ ಆಗಿದೆಯೋ?" ಎಂದಳು.

"ವರ್ಷಕ್ಕೊಂದೂರು ತಿರುಗೋನಿಗೆ ಹೆಣ್ಣು ಯಾರು ಕೊಡ್ತಾರಕ್ಕಾ? ಮನೆ ಕಟ್ಟೋದು ನಮ್ಮ ಕೆಲಸ, ಇರೋದು ಬೇರೆಯವರ ಕೆಲಸ."

"ಕೇಳಿದ್ದಕ್ಕೆ ನೆಟ್ಟಗೆ ಹೇಳೋ ಗಂಡಸು," ಎಂದಳು ಅಕ್ಕ, ತಂಗಿಗೆ ಕೇಳುವಷ್ಟು ಜೋರಾಗಿ.

ಹನ್ನೆರಡು ದಿನ ಮುಗಿದವು. ಕಟ್ಟಡದ ಯಜಮಾನ ಬಂದು ಹಾರಾಡಿದ. ಮೂರೇ ದಿನದಲ್ಲಿ ಗೋಡೆ ಎದ್ದು ನಿಂತಿತು, ಕೆಂಪಗೆ, ಕಿಟಕಿಯ ತುಂಬ. ಮೇಲೆ ಒಂದು ಮೊಳ ಆಕಾಶ ಉಳಿಯಿತು. ಅವಳು ಕಣ್ಣು ಕಿರಿದು ಮಾಡಿಕೊಂಡು ಕೆಲಸಕ್ಕೆ ಕೂತಳು. ಬೆಳಕು ಕಡಿಮೆ, ಆದರೆ ಜಾತಿ ಅದೇ. ಮಗ್ಗಿನ ಹೊಟ್ಟೆಯ ನೆರಳೊಂದು ಬಾಕಿ ಇತ್ತು. ಹೆಚ್ಚೆಂದರೆ ನಾಲ್ಕು ದಿನ.

ಮೇಸ್ತ್ರಿ ಓಣಿಯಲ್ಲಿ ನಿಂತು ಆ ಮಬ್ಬು ಕಿಟಕಿಯನ್ನು ನೋಡಿದ. ಮಾರನೆಯ ದಿನ ಆಳುಗಳಿಗೆ ರಜೆ. ಅವನೊಬ್ಬನೇ ಬೊಂಬಿನ ಸಾರುವೆ ಹತ್ತಿ, ಸುಣ್ಣ ಕಲಸಿ, ಅವಳ ಕಿಟಕಿಗೆ ಎದುರಾದ ಗೋಡೆಯಷ್ಟನ್ನೂ ಮೂರು ಕೈ ಬಳಿದ. ಅಂದು ಅವಳು ಬಣ್ಣ ಕೊಳ್ಳಲು ಪೇಟೆಗೆ ಹೋಗಿದ್ದಳು.

ಮರುದಿನ ಬೆಳಗ್ಗೆ ಬಿಸಿಲು ಆ ಗೋಡೆಗೆ ಬಡಿದು ಕೋಣೆಯೊಳಗೆ ಚೆಲ್ಲಿತು. ಅಕ್ಕ, "ಅಯ್ಯೋ, ಹಾಲು ಉಕ್ಕಿದ ಹಾಗಿದೆಯಲ್ಲೇ!" ಎಂದಳು.

ಅವಳು ಮಗ್ಗನ್ನು ನೋಡುತ್ತಿದ್ದಳು. ಮೇಲಿನಿಂದಷ್ಟೇ ಇಳಿಯಬೇಕಾದ ಬೆಳಕು ಈಗ ಎದುರಿನಿಂದಲೂ ಬರುತ್ತಿತ್ತು. ಮಗ್ಗಿನ ಹೊಟ್ಟೆಯಲ್ಲಿದ್ದ ಆ ಗಾಢ ನೆರಳು ಇರಲಿಲ್ಲ. ಯಾರೋ ಒರೆಸಿ ತೆಗೆದ ಹಾಗೆ ಮಾಯವಾಗಿತ್ತು.

ಮೇಸ್ತ್ರಿ ನಗುನಗುತ್ತ ಮೆಟ್ಟಿಲು ಹತ್ತಿ ಬಂದ. ಉಗುರಿನ ಸಂದಿಯಲ್ಲಿ ಇನ್ನೂ ಸುಣ್ಣ.

"ಯಾರು ಹೇಳಿದ್ರು ನಿಮಗೆ ಇದನ್ನ ಮಾಡೋಕೆ?"

"ಯಾರೂ ಹೇಳ್ಲಿಲ್ಲ. ನಿಮಗೆ ಬೆಳಕು ಬೇಕಿತ್ತಲ್ಲ..."

"ನನಗೆ ಬೆಳಕು ಬೇಕಿರ್ಲಿಲ್ಲ. ಅದೇ ಬೆಳಕು ಬೇಕಿತ್ತು. ಐದು ವಾರದ ಕೆಲಸ!"

ಅವಳು ದನಿ ಎತ್ತಲಿಲ್ಲ. ಎತ್ತಿದ್ದರೆ ಅವನಿಗೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು. ಅವನು ಮಗ್ಗನ್ನೂ ಚಿತ್ರವನ್ನೂ ಒಂದರ ನಂತರ ಒಂದು ನೋಡಿದ. ಕೆಲಸ ಬಲ್ಲವನಾದ್ದರಿಂದ ತಪ್ಪು ಅವನಿಗೇ ಕಂಡಿತು. ತಲೆ ತಗ್ಗಿಸಿ ಇಳಿದುಹೋದ. ಮಾರನೆಯ ದಿನ ಬರಲಿಲ್ಲ. ಅದರ ಮಾರನೆಯ ದಿನ ಸಾರುವೆಯ ಮೇಲೂ ಕಾಣಲಿಲ್ಲ.

"ನೆನಪಿನಿಂದ ಬರೆದುಬಿಡೇ," ಎಂದಳು ಅಕ್ಕ, ಸೂಜಿಗೆ ದಾರ ಪೋಣಿಸುತ್ತ.

"ಕಣ್ಣ ಮುಂದೆ ಇಲ್ಲದ್ದನ್ನ ನಾನು ಬರೆಯಲ್ಲ."

"ಬರೆಯಲ್ಲ, ಸರಿ. ಇಲ್ಲದೇ ಇರೋದನ್ನ ದಿನಕ್ಕೆ ಹತ್ತು ಸಲ ಕಿಟಕೀಲಿ ಇಣುಕಿ ನೋಡೋದು ಮಾತ್ರ ಉಂಟೋ?"

"ಆಳುಗಳು ಏನು ಮಾಡ್ತಿದಾರೆ ಅಂತ ನೋಡ್ದೆ."

"ಅಡ್ಡಗೋಡೆ ಮೇಲೆ ದೀಪ ಇಡಬೇಡ. ನಾನು ಬಟ್ಟೆ ಹೊಲಿಯೋಳು, ಅಳತೆ ನೋಡಿದ್ರೇ ಗೊತ್ತಾಗುತ್ತೆ."

ಅವಳು ಮಹಡಿಗೆ ಹೋಗಿ ಮಗ್ಗಿನ ಮುಂದೆ ಕೂತಳು. ಮಾಡುವುದಕ್ಕೆ ಬೇರೇನೂ ಇರಲಿಲ್ಲ, ಆದ್ದರಿಂದ ನೋಡಿದಳು. ಒಂದು ಗಂಟೆಯಾದ ಮೇಲೆ ನೆರಳಿನ ಜಾಗದಲ್ಲಿ ಇನ್ನೇನೋ ಇರುವುದು ತಿಳಿಯಿತು. ಬೂದಿಯಲ್ಲ, ನೀಲಿಯಲ್ಲ, ಬೆಚ್ಚಗಿನದೊಂದು ಬಿಳುಪು, ಮಗ್ಗಿನ ಒಳಗಿನಿಂದಲೇ ಬಂದಂತೆ. ಆ ಬಣ್ಣವನ್ನು ಅವಳು ಹಿಂದೆ ಎಂದೂ ಕಲಸಿರಲಿಲ್ಲ. ಮೇಲಿನಿಂದ ಆಕಾಶದ ಬೆಳಕು, ಎದುರಿನಿಂದ ಗೋಡೆಯ ಬೆಳಕು. ಒಂದೇ ಚಿತ್ರದಲ್ಲಿ ಎರಡು ಬೆಳಕು ಬರೆದರೆ ಬಲ್ಲವರು ತಪ್ಪು ಎನ್ನುತ್ತಾರೆ. ಎನ್ನಲಿ, ಎದುರಿಗಿರುವುದು ಇದು. ಅವಳು ಮೂರು ದಿನ ಬಣ್ಣ ಕಲಸಿ ಕಲಸಿ ಅದನ್ನು ಹಿಡಿದಳು.

ಐದನೆಯ ದಿನ ಮೇಸ್ತ್ರಿ ಬಂದ. ಕೈಯಲ್ಲಿ ಬಕೀಟು.

"ಕಪ್ಪು ಬಣ್ಣ ತಂದಿದೀನಿ. ಗೋಡೆಗೆ ಬಳಿದುಬಿಡ್ತೀನಿ. ಯಜಮಾನರು ಬೈದ್ರೆ ಬೈದ್ಕೊಳ್ಳಲಿ."

"ಬೇಡ. ಇಲ್ಲಿ ಬನ್ನಿ."

ಅವನು ಚಿತ್ರದ ಮುಂದೆ ನಿಂತ. ಒಂದು ಕಣ್ಣು ಮುಚ್ಚಲು ಹೋದವನು ಮುಚ್ಚದೆ ಎರಡೂ ಕಣ್ಣಿನಿಂದ ನೋಡಿದ. ಬೆರಳು ಚಾಚಿ, ಮುಟ್ಟದೆ, ಮಗ್ಗಿನ ಹೊಟ್ಟೆಯ ಹತ್ತಿರ ನಿಲ್ಲಿಸಿದ.

"ಇದು... ನನ್ನ ಸುಣ್ಣ."

"ಹೂಂ."

"ಕೆಟ್ಟಿಲ್ವಾ?"

"ಕೆಟ್ಟಿದೆಯೋ ಇಲ್ವೋ ಗೊತ್ತಿಲ್ಲ. ತೆಗೆಯೋಕೆ ನನಗೆ ಇಷ್ಟ ಇಲ್ಲ." ಅವಳು ಕುಂಚವನ್ನು ಬೆರಳಲ್ಲಿ ತಿರುಗಿಸಿದಳು. "ನಾಲ್ಕು ದಿನ ಎಲ್ಲಿ ಹೋಗಿದ್ರಿ?"

"ತಿಂಗಳ ಕೊನೆಗೆ ಇಲ್ಲಿ ಕೆಲಸ ಮುಗಿಯುತ್ತೆ. ಮುಂದಿನ ಊರಲ್ಲಿ ಬಾಡಿಗೆ ಮನೆ ನೋಡೋಕೆ ಹೋಗಿದ್ದೆ."

ಅವಳು ಕುಂಚ ತಿರುಗಿಸುವುದನ್ನು ನಿಲ್ಲಿಸಿದಳು. ಮುಖ ಮಾತ್ರ ಮೊದಲಿನಂತೆಯೇ ಇತ್ತು. "ಸಿಕ್ತಾ?"

"ಮೂರು ಬಿಟ್ಟೆ. ಉತ್ತರಕ್ಕೆ ಕಿಟಕಿ ಇರ್ಲಿಲ್ಲ."

"ಉತ್ತರದ ಕಿಟಕಿ ನಿಮಗ್ಯಾಕೆ?"

ಅವನ ಕಿವಿ ಕೆಂಪಗಾಯಿತು, ಸುಟ್ಟ ಇಟ್ಟಿಗೆಯಷ್ಟು ಕೆಂಪಗೆ. ಕೆಳಗೆ ಅಕ್ಕನ ಹೊಲಿಗೆ ಮೆಷಿನ್ನು ಇದ್ದಕ್ಕಿದ್ದಂತೆ ನಿಂತಿತು.

"ನಾಲ್ಕನೇ ಮನೆ?" ಎಂದಳು ಅವಳು, ಬಹಳ ಮೆಲ್ಲಗೆ.

"ಅದಕ್ಕಿದೆ. ಎದುರಿಗೆ ಖಾಲಿ ಜಾಗ."

"ಖಾಲಿ ಇದ್ರೆ ನಾಳೆ ಯಾರಾದ್ರೂ ಕಟ್ತಾರೆ."

"ಕಟ್ಟೋದಾದ್ರೆ ಆ ಕೆಲಸ ನಾನೇ ಹಿಡೀತೀನಿ. ದಿನಕ್ಕೊಂದು ಇಟ್ಟಿಗೆ ಇಟ್ಟು ಮುದುಕ ಆಗೋ ತನಕ ಕಟ್ತೀನಿ."

ಅವಳಿಗೆ ನಗು ಬಂತು. ಬಂದದ್ದನ್ನು ತಡೆಯುವ ಅಭ್ಯಾಸವಿದ್ದವಳು ಈ ಸಲ ತಡೆಯಲಿಲ್ಲ.

"ಕಿಟಕಿ ಎಷ್ಟು ಅಗಲ ಇದೆ?"

ಅವನು ಎರಡೂ ಕೈ ಚಾಚಿ ತೋರಿಸಿದ. ಇಪ್ಪತ್ತು ವರ್ಷ ಅಳೆದ ಕೈಗಳು, ಒಂದು ಅಂಗುಲ ಆಚೀಚೆ ಆಗುವಂಥವಲ್ಲ.

"ಅಷ್ಟು ಅಗಲದ ಕಿಟಕಿ ಬಾಡಿಗೆ ಮನೇಲಿ ಎಲ್ಲೂ ಇರಲ್ಲ," ಎಂದಳು.

"ಇರಲ್ಲ," ಎಂದು ಅವನು ಒಪ್ಪಿಕೊಂಡ. ಕೈ ಮಾತ್ರ ಇಳಿಸಲಿಲ್ಲ.

ಅವಳು ಕುಂಚ ಕೆಳಗಿಟ್ಟು ಆ ಕೈಗಳತ್ತ ಒಂದು ಹೆಜ್ಜೆ ಇಟ್ಟಳು.