ಆಲುಬುಖಾರ ತೋಟದ ಸುಣ್ಣ

ಗೋಯ್ಕೊನ ಹೆಣ ತಲೆಬುರುಡೆ ಫಲಕದ ಆಚೆ, ಆಲುಬುಖಾರ ಮರದ ಬುಡದಲ್ಲಿ ಬೋರಲಾಗಿ ಬಿದ್ದಿತ್ತು. ಊರೆಲ್ಲ ರಸ್ತೆಯಲ್ಲೇ ನಿಂತಿತ್ತು. ಯುದ್ಧ ಮುಗಿದು ಹದಿನೆಂಟು ವರ್ಷವಾದರೂ ನೆಲಬಾಂಬಿನ ಎಚ್ಚರಿಕೆಯ ಆ ಫಲಕ ಕಂಡರೆ ಕ್ರೊಯೇಷಿಯಾದ ಈ ಭಾಗದಲ್ಲಿ ನಾಯಿಯನ್ನೂ ಹಿಂದಕ್ಕೆ ಎಳೆದುಕೊಳ್ಳುತ್ತಾರೆ.

"ನೆಲಬಾಂಬ್, ಮೇಡಂ," ಎಂದ ಪಕ್ಕದ ತೋಟದ ವಿಂಕೊ. "ಎಲ್ರೂ ಚರ್ಚಿಗೆ ಹೋಗಿದ್ರು. ಸದ್ದು ಕೇಳಿದ್ದು ನಾನೊಬ್ನೇ. ಹೋಗ್ಬೇಡ ಅಂತ ಬಡ್ಕೊಂಡೆ, ಪುಣ್ಯಾತ್ಮ ಕೇಳಬೇಕಲ್ಲ."

ಇನ್ಸ್‌ಪೆಕ್ಟರ್ ಯದ್ರಾಂಕಾ ಫೋನ್ ಮಾಡಿದಳು. ಬಾಂಬ್ ತೆಗೆಯುವವರು ಬರುವುದು ನಾಳೆಯಂತೆ.

ಗೋಯ್ಕೊನ ಹೆಂಡತಿ ಸ್ಮಿಲ್ಯಾ ಅವಳ ತೋಳು ಹಿಡಿದಳು. "ಇದು ನಮ್ಮ ತೋಟ ಕಣಮ್ಮಾ. ಯುದ್ಧದಲ್ಲಿ ಬಿಟ್ಟು ಓಡಿದ್ವಿ. ಜುಲೈನಲ್ಲಿ ದೇಶ ಯುರೋಪಿನ ಒಕ್ಕೂಟ ಸೇರುತ್ತಲ್ಲ, ತೋಟಕ್ಕೆ ನೆರವು ಸಿಗುತ್ತೆ, ಊರಿಗೆ ಹೋಗೋಣ ಅಂದ್ರು. ನಾಳೆವರೆಗೂ ಅವರನ್ನ ಹಂಗೇ ಬಿಡ್ಬೇಡಿ."

ಯದ್ರಾಂಕಾ ಬಗ್ಗಿ ನೋಡಿದಳು. ಹೊರಸಾಲಿನ ಮರಗಳಿಗೆ ಮುಳ್ಳುಬಳ್ಳಿ ಹಬ್ಬಿತ್ತು. ಅದರ ಹಿಂದೆ, ಒಳಸಾಲಿನ ಬುಡಗಳು ಸೊಂಟದೆತ್ತರಕ್ಕೆ, ದೂರಕ್ಕೆ ಬೆಳ್ಳಗೆ ಕಾಣುತ್ತಿದ್ದವು. ಸುಣ್ಣ ಹೊಸದು.

ಅವಳ ಅಣ್ಣ ಕಾಲು ಕಳೆದುಕೊಂಡದ್ದು ಇಂಥದೇ ಹುಲ್ಲಿನಲ್ಲಿ. ಆದರೂ ಫಲಕ ದಾಟಿದಳು.

"ಮೇಡಂ, ತಲೆ ಕೆಟ್ಟಿದ್ಯಾ ನಿಮ್ಗೆ?" ಯಾರೋ ಕೂಗಿದರು.

ಏನೂ ಸಿಡಿಯಲಿಲ್ಲ.

* * *

ಹೆಣದ ಸುತ್ತ ಗುಂಡಿಯಿರಲಿಲ್ಲ. ಬಟ್ಟೆ ಹರಿದಿರಲಿಲ್ಲ. ತಲೆಯ ಹಿಂಭಾಗ ಮಾತ್ರ ಒಡೆದಿತ್ತು.

ಅವಳು ಬುಡದ ಸುಣ್ಣ ಉಜ್ಜಿ, ಬೆರಳು ನೋಡಿಕೊಂಡು ರಸ್ತೆಗೆ ಬಂದಳು. ರಸ್ತೆಬದಿಯಲ್ಲೇ ಇದ್ದ ವಿಂಕೊನ ತೋಟದ ಬುಡಗಳನ್ನೂ ಹತ್ತಿರದಿಂದ ನೋಡಿದಳು.

"ವಿಂಕೊ, ನಿನ್ನ ಮರಗಳ ಸುಣ್ಣ ಯಾಕೆ ನೀಲಿ?"

"ಮೈಲುತುತ್ತ ಬೆರೆಸ್ತೀನಿ. ನಮ್ಮಪ್ಪ ಕಲಿಸಿದ್ದು."

"ಊರಲ್ಲಿ ಬೇರೆ ಯಾರು ಹಾಗೆ ಮಾಡ್ತಾರೆ?"

"ಇವ್ರಿಗೆಲ್ಲ ಅದೆಲ್ಲಿ ಗೊತ್ತಾಗ್ಬೇಕು?"

ಯದ್ರಾಂಕಾ ನೀಲಿ ಹತ್ತಿದ ಬೆರಳು ತೋರಿಸಿದಳು. ವಿಂಕೊನ ಮುಖ ಇಳಿದುಹೋಯಿತು.

"ಬಾಂಬಿರೋ ತೋಟಕ್ಕೆ ಯಾರೂ ಸುಣ್ಣ ಬಳಿಯಲ್ಲ. ಬಾಂಬಿಲ್ಲ ಅಂತ ಗೊತ್ತಿದ್ದವನು ಬಳೀತಾನೆ, ಅಂದ್ರೆ ಫಲಕ ನೆಟ್ಟವನು. ಯಾರೂ ಬರದಿದ್ರೆ ತೋಟ ನಿಂದೇ, ಬರೋ ನೆರವೂ ನಿಂದೇ. ಇವತ್ತು ಗೋಯ್ಕೊ ಒಳಗೆ ಹೋಗಿ ಬುಡ ನೋಡಿಬಿಟ್ಟ. ಸಿಡಿದ ಸದ್ದು ಕೇಳಿದೆ ಅಂದ್ಯಲ್ಲ, ಏನು ಸಿಡೀತು?"

ಜೊತೆಗೆ ಬಂದಿದ್ದ ಪೇದೆ ವಿಂಕೊನ ಕೊಟ್ಟಿಗೆಯಿಂದ ರಕ್ತ ಹತ್ತಿದ ಗುದ್ದಲಿ ತಂದ. ಯುದ್ಧಕಾಲದ ಒಂದು ಕೈಬಾಂಬೂ ಸಿಕ್ಕಿತು. ಹೆಣದ ಹತ್ತಿರ ಅದನ್ನು ಸಿಡಿಸಿ ನೆಲಬಾಂಬಿನ ಸಾವು ಅನ್ನಿಸಬೇಕೆಂದಿದ್ದ; ಅಷ್ಟರಲ್ಲಿ ಚರ್ಚು ಬಿಟ್ಟು ಜನ ಬಂದುಬಿಟ್ಟಿದ್ದರು.

"ಹದಿನೆಂಟು ವರ್ಷ ಮಕ್ಕಳ ಹಂಗೆ ಸಾಕಿದೀನಿ," ವಿಂಕೊ ಮರಗಳ ಕಡೆ ನೋಡುತ್ತ ಹೇಳಿದ. "ಸುಣ್ಣ ಬಳೀದಿದ್ರೆ ಹುಳ ಹಿಡೀತಿತ್ತು. ಕಣ್ಣೆದುರಿಗೇ ಹೆಂಗೆ ಬಿಡ್ಲಿ?"

* * *

ವಿಧಿವಿಜ್ಞಾನ ತಂಡ ಬಂದು ಫೋಟೊ ತೆಗೆದು ಹೋಯಿತು. ಹೆಣ ಹೊರಬೇಕಿತ್ತು. ಯದ್ರಾಂಕಾ ಮತ್ತು ಪೇದೆ ಚಟ್ಟದ ಒಂದು ಬದಿ ಹಿಡಿದರು.

"ಇನ್ನಿಬ್ಬರು ಬನ್ನಿ."

ಬಾಂಬಿಲ್ಲವೆಂದು ಎಲ್ಲರಿಗೂ ಗೊತ್ತಾಗಿತ್ತು. ಆದರೂ ಯಾರ ಕಾಲೂ ಏಳಲಿಲ್ಲ. ಕೆಲವರು ನೆಲ ನೋಡಿದರು.

ಸ್ಮಿಲ್ಯಾ ತಾನೇ ಹುಲ್ಲಿಗೆ ಇಳಿದು ಒಂದು ಮೂಲೆ ಹಿಡಿದಳು. ವಿಂಕೊನನ್ನು ಕೂರಿಸಿದ್ದ ಪೊಲೀಸ್ ಜೀಪಿನ ಕಡೆ ತಿರುಗಿ ಹೇಳಿದಳು: "ಅವನ ಬೇಡಿ ಬಿಚ್ಚಿ. ಈ ನೆಲಕ್ಕೆ ಹೆದರದೆ ಇರೋನು ಅವನೊಬ್ನೇ."