ಲಿಖಿತ ಒಪ್ಪಿಗೆ

ವೈದ್ಯಕೀಯ ಪತ್ರಿಕೆಯೊಂದರಲ್ಲಿ ಲೇಖನಗಳ ಆಧಾರಪಟ್ಟಿಯನ್ನು ನಿಯಮದಂತೆ ಜೋಡಿಸುವುದು ನನ್ನ ಕೆಲಸ. ದೆವ್ವ ಗಿವ್ವ ನಂಬುವವನಲ್ಲ, ನಡೆದದ್ದನ್ನಷ್ಟೇ ಹೇಳುತ್ತೇನೆ.

ಅರಿವಳಿಕೆಯ ಕುರಿತ ಲೇಖನವದು. ‘ಕೊಯ್ಯುವಾಗ ಆಕೆಗೆ ಎಲ್ಲವೂ ಕೇಳಿಸುತ್ತಿತ್ತು’ ಎಂಬ ವಾಕ್ಯಕ್ಕೆ ಯಾವ ಪುಸ್ತಕದ ಆಧಾರವೂ ಇರಲಿಲ್ಲ. ‘ರೋಗಿಯೇ ಲೇಖಕರಿಗೆ ಹೇಳಿದ್ದು’ ಎಂದಷ್ಟೇ ಇತ್ತು. ಬಾಯಿಮಾತಾದರೆ ಹೇಳಿದವರ ಲಿಖಿತ ಒಪ್ಪಿಗೆ ಬೇಕು. ಬರೆದ ಡಾಕ್ಟರಿಗೆ ಫೋನ್ ಮಾಡಿದೆ.

“ಆಕೆ ಆಪರೇಷನ್ ಟೇಬಲ್ ಮೇಲೇ ತೀರಿಕೊಂಡ್ರಲ್ಲ,” ಎಂದರು.

“ಹಾಗಾದ್ರೆ ನಿಮಗೆ ಯಾವಾಗ ಹೇಳಿದ್ರು ಸಾರ್?”

“ಆಮೇಲೆ,” ಎಂದು ಫೋನಿಟ್ಟರು.

ವಾಕ್ಯವನ್ನು ಅಳಿಸಿದೆ. ಮಟಮಟ ಮಧ್ಯಾಹ್ನ, ಫ್ಯಾನೂ ನಿಂತಿತ್ತು. ಆದರೂ ಮೇಜು ಮಂಜಿನಂತೆ ತಣ್ಣಗಾಯಿತು. ಎಲ್ಲಿಂದಲೋ ಸ್ಪಿರಿಟ್ ವಾಸನೆ ಬಂತು. ಫೋನ್ ಬಡಿದುಕೊಂಡಿತು.

“ಅಳಿಸ್ಬೇಡಿ,” ಎಂದಿತು ಹೆಣ್ಣುದನಿ. “ಒಪ್ಪಿಗೆ ನಾನೇ ಕೊಡ್ತೀನಿ. ಎಲ್ಲಿ ಸಹಿ ಹಾಕ್ಬೇಕು?”

ಎಲ್ಲರಿಗೂ ಹೇಳಿ ಹೇಳಿ ರೂಢಿಯಾದ ಮಾತು ಬಾಯಿ ಜಾರಿತು: “ಇಲ್ಲಿಗೇ ಬಂದ್ಬಿಡಿ ಅಮ್ಮಾ.”

ಅಂದಿನಿಂದ ನನ್ನೆದುರಿನ ಕುರ್ಚಿ ತಣ್ಣಗೇ ಇದೆ. ಅದರಲ್ಲಿ ಕೂತವರೆಲ್ಲ ಥಟ್ಟನೆ ಎದ್ದು, “ಅಯ್ಯೋ, ನೋಡ್ಲಿಲ್ಲ, ಕ್ಷಮಿಸಿ ಅಮ್ಮಾ,” ಎನ್ನುತ್ತಾರೆ. ಆ ಕೋಣೆಯಲ್ಲಿ ಕೆಲಸ ಮಾಡುವವನು ನಾನೊಬ್ಬನೇ.